ಘಟ್ಟ ಹತ್ತಿ, ಘಟ್ಟ ಇಳಿದು ಊರಿಗೆ

ಏಪ್ರಿಲ್ ತಿಂಗಳ ನಡುವಿನಲ್ಲಿ, ಶಾಲೆಗಳ ವಾರ್ಷಿಕ ಪರೀಕ್ಷೆಗಳು ಮುಗಿದು, ಉಲ್ಲಾಸ ನದಿಯ ಖಾಡಿಯ ಕಡೆಯಿಂದ ಸಂಜೆಗೆ ಬೀಸುವ ಗಾಳಿಯಲ್ಲಿಯೂ ತಂಪೆಂಬುದು ಉಳಿಯದೆ, ಡೊಂಬಿವಲಿಯ ಗಲ್ಲಿಗಳ ತಿರುವುಗಳಲ್ಲಿ ಹಾಪುಸ್ ಮಾವಿನ ಪೆಟ್ಟಿಗೆಗಳು ಸಾಲುಗೊಂಡ ಕಾಲಕ್ಕೆ, ಥಾಣೆ, ಕಲ್ಯಾಣ, ಡೊಂಬಿವಲಿ, ನೆರೂಳ, ಪನವೇಲ್‌ಗಳಲ್ಲಿ ಮನೆಮಾಡಿಕೊಂಡಿರುವ ಕರಾವಳಿಯ ಕನ್ನಡಿಗರಲ್ಲಿ ಇಬ್ಬರು ಎದುರಾದರೆ, ಕುಶಲಪ್ರಶ್ನೆಗಿಂತಲೂ ಮುಂಚೆ ಕೇಳಿಬರುವ ಮಾತು ಒಂದೇ: "ಊರಿಗೆ ಯಾವಾಗ?" ಹೋಗುತ್ತೀರಾ ಎಂದು ಯಾರೂ ಕೇಳುವುದಿಲ್ಲ; ಹೋಗುವುದಂತೂ ನಿಶ್ಚಿತವಾಗಿದ್ದು, ದಿನವೊಂದನ್ನು ಮಾತ್ರ ತಿಳಿಯಬೇಕಾಗಿರುತ್ತದೆ. ಉಳಿದವರು ತಂಪನ್ನರಸಿ ಮಾಥೇರಾನಕ್ಕೋ ಮಹಾಬಳೇಶ್ವರಕ್ಕೋ ಹೋಗುವ ಈ ದಿನಗಳಲ್ಲಿ ನಮ್ಮವರು, ಇಲ್ಲಿಗಿಂತ ಸೆಕೆ ಹೆಚ್ಚಾಗಿರುವ, ಬಾವಿಯ ನೀರು ತಳಕ್ಕಿಳಿದಿರುವ ಹಳ್ಳಿಗಳಿಗೆ, ಎಂಟುನೂರು ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಸವೆಸಿ ಹೋಗುತ್ತಾರೆ. ಇದನ್ನು ವಿಹಾರವೆನ್ನಲಾಗದು, ತೀರ್ಥಯಾತ್ರೆಯೆನ್ನಲೂ ಆಗದು. ವರ್ಷಕ್ಕೊಮ್ಮೆ ನೆರವೇರದಿದ್ದರೆ ಊರಿನ ಮನೆಯ ಬಾಗಿಲು ಕ್ರಮೇಣ ಮುಚ್ಚಿಯೇ ಹೋದೀತೆಂಬ ಭಯದಿಂದಲೂ ಪ್ರೀತಿಯಿಂದಲೂ ಕೂಡಿದ ಒಂದು ಗೃಹಕೃತ್ಯ ಇದು.

ದಿನವನ್ನು ನಿಶ್ಚಯಿಸುವ ಸ್ವಾತಂತ್ರ್ಯವಾದರೂ ನಮ್ಮ ಕೈಯಲ್ಲಿ ಪೂರ್ಣವಾಗಿ ಇರುವುದಿಲ್ಲ. ಏಪ್ರಿಲ್ ನಡುವಿನ ಸೌರಮಾನ ಯುಗಾದಿಯಿಂದ ಮೊದಲ್ಗೊಂಡು, ವೃಷಭಮಾಸದ ಹತ್ತನೆಯ ದಿನವಾದ ಹತ್ತನಾವಧಿಯವರೆಗೆ, ಅಂದರೆ ಮೇ 24ರ ಸುಮಾರಿನವರೆಗೆ, ನಮ್ಮ ಕಡೆಯ ರಥೋತ್ಸವ, ಕೋಲ, ನಾಗಾರಾಧನೆ, ಮದುವೆ, ಗೃಹಪ್ರವೇಶಗಳೆಲ್ಲವೂ ಒತ್ತಾಗಿ ಕೂಡಿಕೊಂಡಿರುತ್ತವೆ. ಹತ್ತನಾವಧಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ದೇವಸ್ಥಾನಗಳ ಉತ್ಸವಗಳು ನಿಲ್ಲುತ್ತವೆ. ಆಮೇಲೆ ಎರಡು ವಾರ ಕಳೆಯುವುದರೊಳಗೆ ಮಳೆ ಹಿಡಿದುಕೊಳ್ಳುತ್ತದೆ. ಮಂದಾರ್ತಿಯ ದುರ್ಗಾಪರಮೇಶ್ವರಿಗೆ ಹರಕೆಯ ಆಟ ಆಡಿಸುತ್ತೇವೆಂದು ಹೇಳಿಕೊಂಡು, ಹೆಸರು ಬರೆಯಿಸಿ, ವರ್ಷಗಟ್ಟಲೆ ಸರದಿ ಕಾದ ಕಲ್ಯಾಣದ ಗೃಹಸ್ಥನೊಬ್ಬನಿಗೆ, ಆ ಸರದಿ ಯಾವ ರಾತ್ರಿಗೆ ಬಂದೀತೋ ಆ ರಾತ್ರಿಗೆ ಊರಿನ ಗದ್ದೆಯಲ್ಲಿ ನಿಂತಿರಲೇಬೇಕಾಗುತ್ತದೆ. ಮುಂಬಯಿಯ ಕಚೇರಿಗಳು ರಜೆ ಕೊಡುವುದೂ ಬಿಡುವುದೂ ಈ ಪಂಚಾಂಗಕ್ಕೆ ಹೊಂದಿಕೊಂಡೇ ಆಗಬೇಕಾಗಿದೆ.

ಬೇಸಗೆಯೇ ಊರಿಗೆ ಹೋಗುವ ಕಾಲವಾದುದಕ್ಕೆ ಇನ್ನೊಂದು ಕಾರಣವೂ ಇದ್ದಿತೆಂಬುದನ್ನು ಇಂದಿನವರು ಪ್ರಾಯಶಃ ಮರೆತಿದ್ದಾರೆ. ನಮ್ಮ ಅಜ್ಜಂದಿರ ತಲೆಮಾರು ಮುಂಬಯಿಗೆ ಬಂದುದು ಹೆಚ್ಚಾಗಿ ಸಮುದ್ರಮಾರ್ಗದಿಂದ. ಮಂಗಳೂರು, ಮಲ್ಪೆ ಮೊದಲಾದ ಬಂದರುಗಳ ಹೊರಗೆ ನಿಲ್ಲುತ್ತಿದ್ದ ಆಗಬೋಟಿಗೆ ಮಚ್ವೆಗಳಲ್ಲಿ ಹೋಗಿ ಹತ್ತಿ, ಡೆಕ್ಕಿನ ಮೇಲೆ ಚಾಪೆ ಹಾಸಿ ಮಲಗಿ, ಉಪ್ಪುಗಾಳಿಯಲ್ಲಿ ತಲೆತಿರುಗಿಸಿಕೊಂಡು ಅವರು ಮುಂಬಯಿಯ ಧಕ್ಕೆಗಳಲ್ಲಿ ಇಳಿಯುತ್ತಿದ್ದರು. ಮಳೆಗಾಲದಲ್ಲಿ ಕಡಲು ಕೆರಳಿ ಆಗಬೋಟುಗಳ ಸಂಚಾರ ನಿಲ್ಲುತ್ತಿದ್ದುದರಿಂದ, ಊರಿಗೆ ಹೋಗತಕ್ಕವರು ಅದಕ್ಕೆ ಮುಂಚೆಯೇ ಹೋಗಿಬರಬೇಕಾಗಿದ್ದಿತು. ಕೋಟೆಯ, ಮಾಟುಂಗದ ಹೋಟೆಲುಗಳಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಗಳಲ್ಲಿ ಕಲಿತು, ಬ್ಯಾಂಕು, ಗಿರಣಿ, ಕಚೇರಿಗಳಲ್ಲಿ ಸೇರಿಕೊಂಡ ಆ ಹುಡುಗರು ಸಂಸಾರವಂತರಾದಾಗ, ಕೈಗೆಟಕುವ ಬೆಲೆಯ ಮನೆಯನ್ನು ಹುಡುಕುತ್ತ ರೈಲುಹಳಿಯ ಗುಂಟ ಉತ್ತರಕ್ಕೂ ಪೂರ್ವಕ್ಕೂ ಸರಿದರು. ಹೀಗೆ ಥಾಣೆ, ಕಳವಾ, ಡೊಂಬಿವಲಿ, ಕಲ್ಯಾಣಗಳಲ್ಲಿ ನಮ್ಮವರ ನೆಲೆಗಳಾದುವು. 1970ರಲ್ಲಿ ಸಿಡ್ಕೊ ಸ್ಥಾಪನೆಯಾಗಿ ಖಾಡಿಯ ಆಚೆ ಹೊಸ ನಗರ ಎದ್ದ ಮೇಲೆ ವಾಶಿ, ನೆರೂಳ, ಬೇಲಾಪುರಗಳೂ ಈ ಪಟ್ಟಿಗೆ ಸೇರಿದುವು.

ಆಗಬೋಟಿನ ಕಾಲ ಮುಗಿದ ಮೇಲೆ ಬಸ್ಸಿನ ಕಾಲ ಬಂದಿತು. ನಕ್ಷೆಯನ್ನು ನೋಡಿದವನಿಗೆ ಕರಾವಳಿಯ ಗುಂಟ ಇಳಿದುಬಿಡುವುದೇ ಸಹಜವೆಂದು ತೋರುತ್ತದೆ. ಆದರೆ ಪಶ್ಚಿಮದ ಈ ತೀರದಲ್ಲಿ ಹತ್ತಿಪ್ಪತ್ತು ಮೈಲಿಗೊಂದರಂತೆ ಹೊಳೆಗಳು ಅಡ್ಡಬರುತ್ತವೆ. ಕಾರವಾರದ ಬಳಿ ಕಾಳಿ ನದಿಗೆ ರಸ್ತೆಯ ಸೇತುವೆಯಾದುದೇ 1983ರಲ್ಲಿ. ಆದುದರಿಂದ ಬಸ್ಸುಗಳು ಪುಣೆಗೆ ಹೋಗಿ, ಸಾತಾರ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿಗಳ ಮೂಲಕ ಬಯಲುಸೀಮೆಯನ್ನು ಸುತ್ತಿ, ಯಲ್ಲಾಪುರದ ಮುಂದೆ ಅರಬೈಲ್ ಘಟ್ಟವನ್ನಿಳಿದು ಅಂಕೋಲೆಯಲ್ಲಿ ಕರಾವಳಿಯನ್ನು ಸೇರುತ್ತಿದ್ದುವು. ಸಂಜೆ ಹತ್ತಿದವರು ಮರುದಿನ ಸಂಜೆಗೆ ಇಳಿಯುವುದು. ನಡುವೆ ಹುಬ್ಬಳ್ಳಿಯ ಊಟ. ಎಂಬತ್ತರ ದಶಕದಲ್ಲಿ ವಿಡಿಯೋ ಕೋಚು ಬಂದ ಮೇಲೆ ರಾತ್ರಿಯಿಡೀ ಸಿನಿಮಾದ ಗದ್ದಲ. ನಮ್ಮ ತಾಯಂದಿರು ಆ ಬಸ್ಸುಗಳಲ್ಲಿ ಕೈಗೂಸುಗಳನ್ನು ಮಡಿಲಲ್ಲಿಟ್ಟುಕೊಂಡು ಇಪ್ಪತ್ತನಾಲ್ಕು ಗಂಟೆಗಳನ್ನು ಹೇಗೆ ಕಳೆದರೆಂಬುದನ್ನು ನೆನೆದರೆ, ಅವರ ಸಹನೆಗೆ ಕೈಮುಗಿಯಬೇಕೆನಿಸುತ್ತದೆ.

ಕೊಂಕಣ ರೈಲ್ವೆಯು ಈ ಕಷ್ಟವನ್ನು ನೀಗಿತೆಂಬುದು ನಿಜ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರು ರೈಲ್ವೆ ಮಂತ್ರಿಗಳಾಗಿದ್ದಾಗ, 1990ರಲ್ಲಿ ಅದರ ನಿಗಮ ಸ್ಥಾಪನೆಯಾಯಿತು, ಇ. ಶ್ರೀಧರನ್ನರ ನೇತೃತ್ವದಲ್ಲಿ ಸಹ್ಯಾದ್ರಿಯ ಬುಡಗಳನ್ನು ಕೊರೆದು, ತೊಂಬತ್ತಕ್ಕೂ ಮಿಕ್ಕಿ ಸುರಂಗಗಳನ್ನೂ ಸಾವಿರಾರು ಸೇತುವೆಗಳನ್ನೂ ಕಟ್ಟಿ, 1998ರ ಜನವರಿ 26ರಂದು ಹಾದಿ ಪೂರ್ಣವಾಯಿತು. ಅದರ ಪ್ರಧಾನ ಕಚೇರಿ ಇರುವುದು ನಮ್ಮ ನವಿಮುಂಬಯಿಯ ಬೇಲಾಪುರದಲ್ಲಿಯೇ. ಅದೇ ವರ್ಷದ ಮೇ ತಿಂಗಳಿನಿಂದ ಓಡತೊಡಗಿದ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸು ಥಾಣೆಯಲ್ಲಿಯೂ ಪನವೇಲಿನಲ್ಲಿಯೂ ನಿಂತು ನಮ್ಮನ್ನು ಹತ್ತಿಸಿಕೊಂಡು, ಮರುದಿನ ಬೆಳಗಿಗೆ ಊರಿಗೆ ಮುಟ್ಟಿಸುತ್ತದೆ. ಇಷ್ಟಾದರೂ ಬೇಸಗೆಯಲ್ಲಿ ಕಲ್ಯಾಣ–ಶೀಳ ರಸ್ತೆಯ ಮೇಲೆ, ಛಾವಣಿಗೆ ಹಗ್ಗ ಬಿಗಿದ ಕಾರುಗಳು ನಸುಕಿನಲ್ಲಿ ಸಾಲಾಗಿ ಹೊರಡುವುದು ವರ್ಷವರ್ಷಕ್ಕೂ ಹೆಚ್ಚುತ್ತಲೇ ಇದೆ. ಇದಕ್ಕೆ ಹೊರಗಣ ಕಾರಣ ಸ್ಪಷ್ಟವಾಗಿಯೇ ಇದೆ: ಮುಂಗಡ ಟಿಕೀಟಿನ ಅವಧಿಯನ್ನು 2024ರ ನವೆಂಬರ್ 1ರಿಂದ ನೂರಿಪ್ಪತ್ತು ದಿನಗಳಿಂದ ಅರುವತ್ತು ದಿನಗಳಿಗೆ ಇಳಿಸಿದ ಮೇಲೂ, ಮೇ ತಿಂಗಳ ಜಾಗಗಳು ಕಿಟಕಿ ತೆರೆದ ಕ್ಷಣದಲ್ಲಿಯೇ ತುಂಬಿಹೋಗುತ್ತವೆ, ಊರಿಗೆ ಹೋದ ಮೇಲೆ ಹತ್ತು ಮನೆಗಳಿಗೆ ತಿರುಗಲು ವಾಹನ ಬೇಕೇ ಬೇಕು. ಆದರೆ ರಸ್ತೆಯ ಪ್ರಯಾಣವನ್ನು ನಾನು ಮೆಚ್ಚುವುದು ಬೇರೊಂದು ಕಾರಣಕ್ಕಾಗಿ. ರಾತ್ರಿಯ ರೈಲಿನಲ್ಲಿ ಮಲಗಿ ಊರಿನಲ್ಲಿ ಎದ್ದ ಮಗುವಿಗೆ, ಡೊಂಬಿವಲಿಯೂ ಕುಂದಾಪುರವೂ ಸಂಬಂಧವಿಲ್ಲದ ಎರಡು ಲೋಕಗಳು. ಹಗಲಿನಲ್ಲಿ ರಸ್ತೆಯಿಂದ ಹೋದ ಮಗುವು, ಒಂದು ಮಣ್ಣು ಇನ್ನೊಂದು ಮಣ್ಣಾಗುವುದನ್ನೂ ಒಂದು ಮಾತು ಇನ್ನೊಂದು ಮಾತಿನೊಳಗೆ ಬೆರೆಯುವುದನ್ನೂ ಕಣ್ಣಾರೆ ಕಂಡು, ತನ್ನ ಎರಡು ಮನೆಗಳು ಒಂದೇ ನೆಲದ ಮೇಲೆ ಇವೆಯೆಂಬುದನ್ನು ಯಾರೂ ಹೇಳಿಕೊಡದೆಯೆ ಅರಿತುಕೊಳ್ಳುತ್ತದೆ.

ಹಾದಿಗಳು ಈಗ ಎರಡು. ಪನವೇಲಿನಿಂದ ನೇರವಾಗಿ ದಕ್ಷಿಣಕ್ಕೆ ಹೊರಟು ಪೇಣ, ಮಹಾಡ, ಚಿಪಳೂಣ, ಸಾವಂತವಾಡಿ, ಗೋವೆಗಳ ಮೂಲಕ ಕಾರವಾರಕ್ಕೆ ಬರುವ ಕರಾವಳಿಯ ಹೆದ್ದಾರಿ ಒಂದು. ಹಿಂದೆ 17ನೆಯ ಸಂಖ್ಯೆಯದಾಗಿದ್ದು ಈಗ 66 ಎನಿಸಿಕೊಂಡಿದೆ. ಸೌಂದರ್ಯದ ದೃಷ್ಟಿಯಿಂದ ಇದಕ್ಕೆ ಸಾಟಿಯಿಲ್ಲ. ಪಾತಾಳಗಂಗಾ, ಅಂಬಾ, ಕುಂಡಲಿಕಾ, ಸಾವಿತ್ರಿ, ಜಗಬುಡಿ, ವಾಶಿಷ್ಠಿ, ಶಾಸ್ತ್ರಿ ಎಂದು ಹೊಳೆಗಳ ಹೆಸರುಗಳನ್ನು ಹೇಳುತ್ತ ಹೋಗುವುದೇ ಒಂದು ಸುಖ. ಮಹಾಡದಲ್ಲಿ ವಾಹನ ನಿಲ್ಲಿಸಿ ಚವದಾರ್ ಕೆರೆಯನ್ನು ಮಕ್ಕಳಿಗೆ ತೋರಿಸಲೇಬೇಕು. ಸಾರ್ವಜನಿಕವಾದ ಆ ಕೆರೆಯ ನೀರನ್ನು ಮುಟ್ಟುವ ಹಕ್ಕಿಗಾಗಿ ಅಂಬೇಡ್ಕರರು ಸಹಸ್ರಾರು ಜನರೊಂದಿಗೆ 1927ರ ಮಾರ್ಚ್ 20ರಂದು ಅಲ್ಲಿ ನಡೆದುಹೋಗಿ ಬೊಗಸೆಯಲ್ಲಿ ನೀರೆತ್ತಿ ಕುಡಿದರು. ಮುಂದೆ ಚಿಪಳೂಣದ ಮೇಲಿನ ಘಟ್ಟದಲ್ಲಿ ಪರಶುರಾಮನ ದೇವಾಲಯ ಸಿಗುತ್ತದೆ. ಕೊಡಲಿಯನ್ನು ಬೀಸಿ ಕಡಲನ್ನು ಹಿಂದೆ ಸರಿಸಿ ನೆಲವನ್ನು ಪಡೆದನೆಂದು ನಮ್ಮ ಕಡೆಯ ಅಜ್ಜಿಯರು ಹೇಳುವ ಕಥೆಯನ್ನೇ ಅಲ್ಲಿಯ ಅಜ್ಜಿಯರೂ ಹೇಳುತ್ತಾರೆ. ಕೊಂಕಣದವರೂ ನಾವೂ ಒಂದೇ ಪುರಾಣದ ಮಕ್ಕಳು. ಗಣಪತಿ ಹಬ್ಬಕ್ಕೂ ಶಿಮ್ಗಾಕ್ಕೂ ಇದೇ ಡೊಂಬಿವಲಿ, ಥಾಣೆಗಳಿಂದ ಇದೇ ರಸ್ತೆಯ ಮೇಲೆ ತಮ್ಮ ಹಳ್ಳಿಗಳಿಗೆ ಓಡುವ ಚಾಕರಮಾನಿಗಳನ್ನು ಕಂಡಾಗ, ಅವರ ಅವಸರವೂ ಅಕ್ಕರೆಯೂ ನಮ್ಮದೇ ಎನಿಸುತ್ತದೆ.

ಆದರೆ ಆ ರಸ್ತೆಯ ಸ್ಥಿತಿಯನ್ನು ಕುರಿತು ವ್ಯಥೆಯಿಂದಲೇ ಬರೆಯಬೇಕಾಗಿದೆ. ಪನವೇಲಿನಿಂದ ಇಂದಾಪುರದವರೆಗಿನ 84 ಕಿಲೋಮೀಟರುಗಳ ಅಗಲೀಕರಣ 2011ರಲ್ಲಿ ಆರಂಭವಾಯಿತು. ಅಂದು ಹುಟ್ಟಿದ ಮಗು ಪ್ರೌಢಶಾಲೆಯ ಮೆಟ್ಟಿಲನ್ನೇರುವ ಹೊತ್ತಿಗೂ ಆ ಕೆಲಸ ಮುಗಿದಿರಲಿಲ್ಲ. 2016ರ ಆಗಸ್ಟ್ 2ರ ರಾತ್ರಿ ಮಹಾಡದ ಬಳಿ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಸೇತುವೆ ನೆರೆಯಲ್ಲಿ ಕೊಚ್ಚಿಹೋಗಿ, ಬಸ್ಸುಗಳೊಡನೆ ಪ್ರಯಾಣಿಕರೂ ಜಲಸಮಾಧಿಯಾದುದನ್ನು ಈ ದಾರಿಯವರು ಯಾರೂ ಮರೆತಿಲ್ಲ. ಹೊಸ ಸೇತುವೆಯನ್ನು ಆಮೇಲೆ 165 ದಿನಗಳಲ್ಲಿ ಕಟ್ಟಿ ಮುಗಿಸಿದರು. ಮನಸ್ಸು ಮಾಡಿದರೆ ಅಷ್ಟು ಶೀಘ್ರವಾಗಿ ಆಗತಕ್ಕ ಕಾರ್ಯವು ಉಳಿದ ಹಾದಿಯಲ್ಲಿ ದಶಕವನ್ನು ದಾಟಿ ಎಳೆದುದು ಕ್ಷಮಿಸುವಂಥದಲ್ಲ.

ಈ ಕಾರಣದಿಂದಲೂ, ಹಳೆಯ ಬಸ್ಸುಗಳ ದಾರಿಯ ಮೇಲಿನ ಮಮತೆಯಿಂದಲೂ, ಹೋಗುವಾಗ ಘಟ್ಟದ ಮೇಲಿನ ದಾರಿಯೇ ನನಗೆ ಹಿತ. ಹಿಂದಿನ ರಾತ್ರಿಯೇ ಸಾಮಾನುಗಳ ಜೋಡಣೆ ಮುಗಿದಿರಬೇಕು. ಊರಿನವರಿಗೆಂದು ಕಟ್ಟಿಸಿಕೊಂಡ ಫರಸಾಣ, ಚಿವಡಾ, ಮಾಹೀಮಿನ ಹಲ್ವ, ಹೆಂಗಸರಿಗೆ ಸೀರೆಗಳು, ದೊಡ್ಡಮ್ಮನ ಮೊಣಕಾಲಿಗೆ ತೈಲ, ಶಾಲೆಗೆ ಹೋಗುವ ಹುಡುಗರಿಗೆ ಚೀಲಗಳು. ದಾರಿಗೆಂದು ಹುಳಿಯನ್ನ, ಚಪಾತಿ, ಮಿಡಿ ಉಪ್ಪಿನಕಾಯಿ, ಹಾಲಿನಲ್ಲಿ ಕಲಸಿ ಹೆಪ್ಪಿಟ್ಟ ಮೊಸರನ್ನ. ಮೊಸರನ್ನದ ಡಬ್ಬಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಹಿಂದಿನ ಸೀಟಿನ ಕೆಳಗೆ, ಬಿಸಿಲು ಬೀಳದ ಮಗ್ಗುಲಿಗೆ ಇಡುವುದು ನನ್ನ ಹೆಂಡತಿಯ ಕ್ರಮ. ನಿಪ್ಪಾಣಿಯಲ್ಲಿ ಬಿಚ್ಚುವವರೆಗೂ ಅದು ಹುಳಿಯೇರುವುದಿಲ್ಲ. ನಸುಕಿನ ನಾಲ್ಕಕ್ಕೆ ಕಾಟಯಿ ನಾಕಾ, ಶೀಳಫಾಟಾಗಳನ್ನು ದಾಟಿ ಕಳಂಬೋಲಿಗೆ ಬಂದರೆ ಪುಣೆಯ ದ್ರುತಮಾರ್ಗ. 2002ರಲ್ಲಿ ಪೂರ್ಣಗೊಂಡ, 94.5 ಕಿಲೋಮೀಟರು ಉದ್ದದ ಈ ರಸ್ತೆಯು ಬೋರ್ ಘಟ್ಟವನ್ನು ಏರುವಾಗ ಪೂರ್ವದಲ್ಲಿ ಬೆಳಕು ಬಿಡತೊಡಗುತ್ತದೆ. ಘಟ್ಟದ ನೆತ್ತಿಯಲ್ಲಿ ಮಕ್ಕಳಿಗೆ ನಾನು ಹೇಳುವುದೊಂದಿದೆ: ಇಲ್ಲಿ ಪಡುಗಡೆಗೆ ಬಿದ್ದ ಮಳೆ ಕೆಲವು ಹರದಾರಿ ಹರಿದು ನಮ್ಮ ಥಾಣೆಯ ಖಾಡಿಗಳ ಕಡೆಗೆ ಇಳಿಯುತ್ತದೆ, ಮೂಡುಗಡೆಗೆ ಬಿದ್ದದ್ದು ಸಾವಿರ ಕಿಲೋಮೀಟರಿಗೂ ಹೆಚ್ಚು ಅಲೆದು ಬಂಗಾಳ ಕೊಲ್ಲಿಗೆ ಹೋಗುತ್ತದೆ.

ಅಲ್ಲಿಂದ ಮುಂದೆ ಪ್ರಯಾಣವೆಲ್ಲ ಮೂಡುಮುಖವಾದ ನೀರುಗಳನ್ನು ದಾಟುವುದೇ ಆಗಿದೆ. ಇಂದ್ರಾಯಣಿ, ನೀರಾ, ಕೃಷ್ಣೆ. ಕರಾಡದಲ್ಲಿ ಕೊಯ್ನೆಯು ಬಂದು ಕೃಷ್ಣೆಗೆ ಎದುರುಬದುರಾಗಿ ಸೇರುವ ಸಂಗಮವನ್ನು ಹೆದ್ದಾರಿಯಿಂದ ಸ್ವಲ್ಪ ಒಳಗೆ ಹೋಗಿ ನೋಡಬಹುದು. ಮಹಾಬಳೇಶ್ವರದ ಮಳೆ ಈ ದಾರಿಯಿಂದ ಇಳಿದು ಆಲಮಟ್ಟಿಯಲ್ಲಿ ನಿಲ್ಲುತ್ತದೆ, ವಿಜಯಪುರ, ಬಾಗಲಕೋಟೆಗಳ ಹೊಲಗಳನ್ನು ತೋಯಿಸುತ್ತದೆ ಎಂದು ತಿಳಿದಾಗ, ಭೂಗೋಳದ ಪುಸ್ತಕದಲ್ಲಿ ಬಣ್ಣ ಬೇರೆ ಬೇರೆಯಾಗಿ ಬಳಿದ ಎರಡು ರಾಜ್ಯಗಳ ಗೆರೆ ಮಕ್ಕಳ ಮನಸ್ಸಿನಲ್ಲಿ ಸಡಿಲವಾಗುತ್ತದೆ. ಖಂಬಾಟಕಿಯ ಘಟ್ಟ, ಸಾತಾರದ ಕೋಟೆಬೆಟ್ಟ, ಕಬ್ಬಿನ ಗದ್ದೆಗಳು, ಪಂಚಗಂಗೆಯ ದಡದ ಕೊಲ್ಹಾಪುರ ಇವುಗಳನ್ನು ವಿವರಿಸುತ್ತ ಕುಳಿತರೆ ಲೇಖನ ಮುಗಿಯದು. ಕೊಲ್ಹಾಪುರದಲ್ಲಿ ಆಳಿದ ಶಿಲಾಹಾರರ ಶಾಸನಗಳಲ್ಲಿ ಕನ್ನಡದವೂ ಇವೆಯೆಂಬುದನ್ನೂ, ಅದೇ ಹೆಸರಿನ ವಂಶದ ಇನ್ನೊಂದು ಶಾಖೆಯು ನಮ್ಮ ಥಾಣೆಯನ್ನೇ ರಾಜಧಾನಿಯಾಗಿ ಮಾಡಿಕೊಂಡು ಉತ್ತರ ಕೊಂಕಣವನ್ನು ಆಳಿ, ಕಲ್ಯಾಣದ ಸಮೀಪದ ಅಂಬರನಾಥದಲ್ಲಿ 1060ರ ಶಿವಾಲಯವನ್ನು ಬಿಟ್ಟುಹೋಗಿದೆಯೆಂಬುದನ್ನೂ ಮಾತ್ರ ಇಲ್ಲಿ ಹೇಳಿ ಮುಂದೆ ಸಾಗುತ್ತೇನೆ.

ದೂಧಗಂಗೆಯನ್ನು ದಾಟಿ ಕೊಗನೋಳಿಯ ಟೋಲಿನ ಬಳಿಗೆ ಬಂದಾಗ ಹಿಂದಿನ ಸೀಟಿನಲ್ಲಿ ಗಲಭೆ ಏಳುತ್ತದೆ. ಮೊದಲ ಕನ್ನಡ ಫಲಕವನ್ನು ಯಾರು ಓದುವುದೆಂಬ ಸ್ಪರ್ಧೆ ಅದು. ಡೊಂಬಿವಲಿಯಲ್ಲಿ ಹುಟ್ಟಿ, ಇಂಗ್ಲಿಷ್ ಶಾಲೆಯಲ್ಲಿ ಓದಿ, ಗೆಳತಿಯರೊಡನೆ ಮರಾಠಿಯಲ್ಲಿ ಆಡುವ ನನ್ನ ಕಿರಿಯ ಮಗಳು ಕನ್ನಡದ ಅಕ್ಷರಗಳನ್ನು ಮನೆಯಲ್ಲಿ ಹೇಗೋ ಕಲಿತಿದ್ದಾಳೆಯೇ ಹೊರತು, ಅವಳಿಗೆ ಅವು ಬೀದಿಯಲ್ಲಿ ಕಾಣುವುದು ಇಲ್ಲಿಂದಲೇ. "ಕರ್ನಾಟಕ ರಾಜ್ಯಕ್ಕೆ ಸುಸ್ವಾಗತ" ಎಂಬುದರಲ್ಲಿನ ಒತ್ತಕ್ಷರವನ್ನು ತಡೆತಡೆದು ಓದಿ ಮುಗಿಸುವುದರೊಳಗೆ ಫಲಕ ಹಿಂದಾಗಿರುತ್ತದೆ. ಮುಂದಿನದು ಗೊಬ್ಬರದ ಅಂಗಡಿ, ಅದರ ಮುಂದಿನದು ಖಾನಾವಳಿ, ಆಮೇಲೆ ಪಶುವೈದ್ಯಶಾಲೆ. ನಿಪ್ಪಾಣಿಯನ್ನು ಸಮೀಪಿಸುವಷ್ಟರಲ್ಲಿ ಅವಳ ಓದು ಸರಾಗವಾಗಿರುತ್ತದೆ. ಡೊಂಬಿವಲಿ ಕರ್ನಾಟಕ ಸಂಘ ನಡೆಸುವ ಮಂಜುನಾಥ ವಿದ್ಯಾಲಯದಂತಹ ಸಂಸ್ಥೆಗಳು ನಮ್ಮವರ ಶ್ರಮಕ್ಕೆ ಸಾಕ್ಷಿಯಾಗಿ ನಿಂತಿವೆಯಾದರೂ, ಅಕ್ಷರಕ್ಕೂ ಜೀವನಕ್ಕೂ ಗಂಟುಹಾಕುವ ಕೆಲಸವನ್ನು ಈ ರಸ್ತೆಯಷ್ಟು ಚೆನ್ನಾಗಿ ಮಾಡಬಲ್ಲ ಶಾಲೆಯನ್ನು ನಾನು ಕಂಡಿಲ್ಲ.

ನಿಪ್ಪಾಣಿ ತಂಬಾಕಿನ ಪೇಟೆ. ಊರ ಹೊರಗಣ ಚಹಾದಂಗಡಿಯೊಂದರಲ್ಲಿ ನಾವು ಬುತ್ತಿ ಬಿಚ್ಚುವುದು ರೂಢಿ. ಹಿಂದೊಮ್ಮೆ ಅಲ್ಲಿಯ ಯಜಮಾನಿತಿಯನ್ನು ಮಗಳು ಅಭ್ಯಾಸಬಲದಿಂದ ಮರಾಠಿಯಲ್ಲಿ ನೀರು ಕೇಳಿದಳು. ಆಕೆ ಗಂಡನಿಗೆ ಮರಾಠಿಯಲ್ಲಿಯೇ ನೀರು ತರಹೇಳಿ, ನಮ್ಮೊಳಗಿನ ಮಾತನ್ನು ಕಿವಿಗೊಟ್ಟು ಕೇಳಿ, ಕನ್ನಡಕ್ಕೆ ತಿರುಗಿದಳು: "ಎಲ್ಲಿಂದ ಬಂದೀರ್ರಿ? ಮುಂಬೈದಾಗ ಇದ್ದೂ ಮನ್ಯಾಗ ಕನ್ನಡ ಮಾತಾಡ್ತೀರಿ? ಚಲೋ ಆತ್ ನೋಡ್ರಿ." ಆಮೇಲೆ ಮಗಳ ತಟ್ಟೆಗೆ ಒಂದು ಹಿಡಿ ಭಡಂಗನ್ನು ತಾನಾಗಿ ತಂದು ಹಾಕಿದಳು. 1956ರ ರಾಜ್ಯ ಪುನರ್ವಿಂಗಡಣೆಯಿಂದ ಇಂದಿನವರೆಗೂ ಈ ಊರಿನ ಹೆಸರು ಗಡಿವಿವಾದದೊಡನೆ ಕೂಡಿಕೊಂಡೇ ಪತ್ರಿಕೆಗಳಲ್ಲಿ ಬರುತ್ತಿದೆ. ಮಹಾಜನ ಆಯೋಗದ ವರದಿ, ನ್ಯಾಯಾಲಯ, ಕಲ್ಲೆಸೆತ ಎಲ್ಲವೂ ಇವೆ. ಆದರೆ ಮನೆಯಲ್ಲಿ ಮರಾಠಿಯನ್ನಾಡಿ ಬೀದಿಯಲ್ಲಿ ಕನ್ನಡವನ್ನು ಬಾಳುವ ಈಕೆಯೂ, ಮನೆಯಲ್ಲಿ ಕನ್ನಡವನ್ನಾಡಿ ಬೀದಿಯಲ್ಲಿ ಮರಾಠಿಯನ್ನು ಬಾಳುವ ನಾವೂ ಎದುರುಬದುರು ಕುಳಿತು ಚಹಾ ಕುಡಿದಾಗ, ಪರಸ್ಪರರನ್ನು ಅರಿಯಲು ಯಾವ ಆಯೋಗದ ಅವಶ್ಯಕತೆಯೂ ತೋರಲಿಲ್ಲ.

ಕರಾವಳಿಯವರನ್ನು ಮಾತ್ರ ಹೇಳಿ ಬಿಟ್ಟರೆ ಅನ್ಯಾಯವಾದೀತು. ಕಲ್ಯಾಣ, ಡೊಂಬಿವಲಿ, ನವಿಮುಂಬಯಿಗಳ ಮುಗಿಲೆತ್ತರದ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವರಲ್ಲಿ ವಿಜಯಪುರ, ಕಲಬುರಗಿಗಳ ಕಡೆಯ ಕನ್ನಡಿಗರು ಬಹುಸಂಖ್ಯೆಯಲ್ಲಿದ್ದಾರೆ. ಅವರೂ ಇದೇ ಋತುವಿನಲ್ಲಿ ಊರಿಗೆ ಹೋಗುತ್ತಾರೆ. ಪುಣೆಯಲ್ಲಿ ನಮ್ಮ ದಾರಿಯಿಂದ ಅಗಲಿ, ಸೊಲ್ಲಾಪುರದ ಕಡೆಗೆ ತಿರುಗುತ್ತಾರೆ. ಹತ್ತು ಜನರ ಜೀಪಿನಲ್ಲಿ ಅದಕ್ಕೂ ಹೆಚ್ಚು ಜನ, ನೆತ್ತಿಯ ಮೇಲೆ ಹಾಸಿಗೆಯ ಸುರುಳಿ, ಹಿಟ್ಟಿನ ಡಬ್ಬ, ಮಗುವಿನ ತೊಟ್ಟಿಲು. ಗ್ರಾಮದೇವತೆಯ ಜಾತ್ರೆ ಮುಗಿಸಿ, ಮದುವೆಗಳನ್ನು ಮುಗಿಸಿ, ರೋಹಿಣಿ ಮಳೆ ಬಿದ್ದರೆ ಬಿತ್ತನೆಗೆ ಕೈಹಾಕಿ, ಹೊಲದ ಕೆಲಸ ಒಂದು ಹದಕ್ಕೆ ಬಂದ ಮೇಲೆ ಅವರು ಹಿಂದಿರುಗುತ್ತಾರೆ. ನಮಗೆ ಊರಿನ ಮನೆ ಭಾವದ ನೆಲೆಯಾದರೆ, ಅವರಿಗೆ ಅದು ಅನ್ನದ ಅರ್ಧಭಾಗ. ಜತ್ತ, ಅಕ್ಕಲಕೋಟೆಗಳನ್ನು ಹಾಯುವಾಗ ಮಹಾರಾಷ್ಟ್ರದ ಎಲ್ಲೆಯೊಳಗೆಯೇ ಕನ್ನಡ ಕಿವಿಗೆ ಬೀಳತೊಡಗುತ್ತದಾದುದರಿಂದ, ಊರು ಸಮೀಪಿಸಿತೆಂಬ ಸುಖವು ಅವರಿಗೆ ನಮಗಿಂತ ಬೇಗ ದೊರೆಯುತ್ತದೆ.

ಬೆಳಗಾವಿಯಲ್ಲಿ ಕುಂದಾ ಕಟ್ಟಿಸಿಕೊಂಡು, ಕಿತ್ತೂರನ್ನು ಪಕ್ಕದಲ್ಲಿ ನೋಡುತ್ತ, ಧಾರವಾಡವನ್ನು ಹಾಯ್ದು ಹುಬ್ಬಳ್ಳಿಗೆ ಬಂದರೆ, ಬುದ್ಧಿವಂತರು ಅಲ್ಲಿ ತಂಗಬೇಕು. ಏಕೆಂದರೆ ಮರುದಿನದ ಬೆಳಗಿನ ದಾರಿ ಈ ಪ್ರಯಾಣದ ಸಾರಸರ್ವಸ್ವ. ಕಲಘಟಗಿಯವರೆಗೂ ಬಿಸಿಲಿಗೆ ಬಿರಿದ ಎರೆಯ ಹೊಲ. ಆಮೇಲೆ ಒಂದೊಂದಾಗಿ ತೇಗದ ಮರಗಳು. ಯಲ್ಲಾಪುರಕ್ಕೆ ಬರುವಾಗ ರಸ್ತೆಯ ಎರಡು ಮಗ್ಗುಲಿಗೂ ಕಾಡು, ಅಡಕೆಯ ತೋಟದ ತಂಪು. ಅರಬೈಲ್ ಘಟ್ಟದಲ್ಲಿ ತಿರುವುಗಳು ಆರಂಭವಾದೊಡನೆ ಕಾರಿನ ಗಾಜುಗಳನ್ನಿಳಿಸಿ, ಯಂತ್ರದ ತಂಪನ್ನು ನಿಲ್ಲಿಸಿಬಿಡುವುದು ಉಚಿತ. ಮೇಲಿನ ಒಣಗಾಳಿ ಅರ್ಧ ಗಂಟೆಯೊಳಗೆ ತೇವಗೊಂಡು, ಮೈಗೆ ಬೆವರು ಅಂಟಿಕೊಂಡು, ಮೂಗಿಗೆ ಕೊಳೆತ ತರಗೆಲೆಯ, ಹಲಸಿನ ಹಣ್ಣಿನ, ಹಸಿಮಣ್ಣಿನ ವಾಸನೆ ಬರುತ್ತದೆ. ಕರಾವಳಿಯಲ್ಲಿ ಹುಟ್ಟಿದವನಿಗೆ ಈ ಸೆಕೆಯೇ ಸ್ವಾಗತ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟಿದ ಶಾಲ್ಮಲೆಯ ನೀರು ಬೇಡ್ತಿಯೊಡನೆ ಕೂಡಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯೆಂಬ ಹೆಸರಿನಿಂದ ಇಲ್ಲಿ ನಮ್ಮ ರಸ್ತೆಯ ಆಸುಪಾಸಿನಲ್ಲಿಯೇ ಪಡುವಣಕ್ಕೆ ಹರಿಯುತ್ತದೆ. ಬೋರ್ ಘಟ್ಟದಿಂದ ಇಲ್ಲಿಯವರೆಗೆ ಹೊಳೆಗಳೆಲ್ಲ ಮೂಡಣಕ್ಕೆ ಹರಿದುದನ್ನು ಗಮನಿಸಿದ್ದ ಮಗು, ಈ ಒಂದು ಹೊಳೆ ನಮ್ಮೊಡನೆಯೇ ಕಡಲಿಗೆ ಹೊರಟಿದೆಯೆಂದು ಹಿಗ್ಗುತ್ತದೆ. ಎರಡು ಸಾವಿರದ ಇಸವಿಯ ನಂತರದ ಕೆಲವು ವರ್ಷಗಳಲ್ಲಿ ಬಳ್ಳಾರಿಯ ಅದಿರನ್ನು ಬೇಲೆಕೇರಿಗೆ ಸಾಗಿಸುವ ಲಾರಿಗಳು ಈ ರಸ್ತೆಯನ್ನು ಕೆಂಧೂಳಿನಲ್ಲಿ ಮುಳುಗಿಸಿ, ಘಟ್ಟದಲ್ಲಿ ಗಂಟೆಗಟ್ಟಲೆ ನಿಲ್ಲಿಸುತ್ತಿದ್ದುವು. ಈಗ ಸುಂಕಸಾಳದ ಕಡೆ ಮರಗಳ ಎಲೆಗಳು ಮತ್ತೆ ಹಸುರಾಗಿ ಕಾಣುತ್ತವೆ.

ಅಂಕೋಲೆಯಲ್ಲಿ ಕಡಲಿನ ದಾರಿ ಸೇರಿಕೊಳ್ಳುತ್ತದೆ. ಮುಂದೆ ಶಿರೂರಿನಲ್ಲಿ, ಗಂಗಾವಳಿಯ ದಡದಲ್ಲಿ, 2024ರ ಜುಲೈ 16ರಂದು ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿದ್ದು ಹಲವರು ಪ್ರಾಣ ಕಳೆದುಕೊಂಡ ಸ್ಥಳವಿದೆ. ಬೆಟ್ಟವನ್ನು ಕಡಿದು ರಸ್ತೆಯನ್ನು ಅಗಲಿಸುವವರು ಆ ಗಾಯವನ್ನು ಒಮ್ಮೆ ನೋಡಬೇಕು. ಗೋಕರ್ಣದ ಸಮೀಪಕ್ಕೆ ಬಂದಾಗ ಹನೇಹಳ್ಳಿಯನ್ನು ನೆನೆಯದಿರಲಾಗದು. ಅಲ್ಲಿ ಹುಟ್ಟಿ, ಜೀವಮಾನದ ಬಹುಭಾಗವನ್ನು ಮುಂಬಯಿಯಲ್ಲಿ ಕಳೆದ ಯಶವಂತ ಚಿತ್ತಾಲರು, ಆ ಮಹಾನಗರದಲ್ಲಿ ಕುಳಿತುಕೊಂಡೇ ಹನೇಹಳ್ಳಿಯ ಕಥೆಗಳನ್ನು ಬರೆದರು. ಅಘನಾಶಿನಿ, ಶರಾವತಿ, ಭಟ್ಕಳ, ಬೈಂದೂರು. ಮರವಂತೆಯಲ್ಲಿ ಬಲಕ್ಕೆ ಕಡಲು, ಎಡಕ್ಕೆ ಸೌಪರ್ಣಿಕೆ, ನಡುವೆ ರಸ್ತೆ. ಅಲ್ಲಿಂದ ಮನೆಗೆ ಫೋನು ಹೋಗುತ್ತದೆ, ಕುಚ್ಚಲಕ್ಕಿಯ ಗಂಜಿಗೆ ಒಲೆ ಹೊತ್ತಿಕೊಳ್ಳುತ್ತದೆ.

ದಣಪೆಯ ಬಳಿ ವಾಹನ ನಿಂತ ಸದ್ದಿಗೆ ದೊಡ್ಡಮ್ಮ ಚಾವಡಿಯ ಕಂಬವನ್ನು ಹಿಡಿದು ಎದ್ದು ನಿಲ್ಲುತ್ತಾರೆ. "ಬಂದ್ರ್ಯಾ? ಎಷ್ಟ್ ಹೊತ್ತ್ ಮಕ್ಳೇ! ಕಾಲ್ ತೊಳ್ಕಣಿ, ಉಂಬುಕೆ ಕೂಕಣಿ." ಇಷ್ಟರಲ್ಲಿಯೇ ಅವರ ಪ್ರೀತಿಯೆಲ್ಲವೂ ಅಡಗಿದೆ. ಆಮೇಲಿನ ದಿನಗಳು ವಿಶ್ರಾಂತಿಯವಲ್ಲ. ಮಳೆಗೆ ಮುಂಚೆ ಮಾಡಿನ ಒಡೆದ ಹಂಚುಗಳನ್ನು ಬದಲಿಸಬೇಕು, ಬಾವಿಯ ಹೂಳೆತ್ತಿಸಬೇಕು, ನಾಗಬನದಲ್ಲಿ ತನು ಹಾಕಿಸಬೇಕು, ಜಾಗದ ತೀರ್ವೆ ಕಟ್ಟಿ, ಪಹಣಿಪತ್ರದಲ್ಲಿ ಅಜ್ಜನ ಕಾಲದಿಂದ ಬಗೆಹರಿಯದೆ ಉಳಿದಿರುವ ಹೆಸರನ್ನು ಕುರಿತು ದಾಯಾದಿಗಳೊಡನೆ ಕುಳಿತು ಮಾತಾಡಬೇಕು, ವರ್ಷದೊಳಗೆ ತೀರಿಕೊಂಡವರ ಮನೆಗಳಿಗೆ ಹೋಗಿ ಒಂದು ಗಳಿಗೆ ಮೌನವಾಗಿ ಕುಳಿತು ಬರಬೇಕು. ಮಕ್ಕಳು ಹಲಸಿನ ಹಪ್ಪಳದ ಚಾಪೆಗೆ ಕಾಗೆಯ ಕಾವಲು ಕೂರುತ್ತಾರೆ. ಆಟದ ರಾತ್ರಿ ಚೆಂಡೆಯ ಪೆಟ್ಟಿಗೆ ಬೆಚ್ಚಿ ಎದ್ದು, ವೇಷವನ್ನು ಕಣ್ತುಂಬ ನೋಡಿ, ಮತ್ತೆ ಚಾಪೆಯ ಮೇಲೆ ಉರುಳಿ ನಿದ್ರಿಸುತ್ತಾರೆ. ಒಂದು ವಾರ ಕಳೆಯುವುದರೊಳಗೆ ನನ್ನ ಮಗಳು ಅಕ್ಕಪಕ್ಕದ ಹುಡುಗರೊಡನೆ ಕುಂದಾಪುರದ ಕನ್ನಡದಲ್ಲಿಯೇ ಜಗಳವಾಡುವುದನ್ನು ಕೇಳಿ, ಅವಳಮ್ಮ ಅಡುಗೆಮನೆಯಲ್ಲಿ ಸೌಟನ್ನು ಹಿಡಿದುಕೊಂಡೇ ನಿಂತುಬಿಟ್ಟಳು. ನಮ್ಮ ಓಣಿಯಲ್ಲಿಯೇ, ಬರುವವರಿಲ್ಲದೆ ಬೀಗ ಬಿದ್ದು, ಮಾಡು ಕುಸಿದು, ಅಂಗಳದಲ್ಲಿ ಲಂಟಾನ ಬೆಳೆದ ಮನೆಗಳಿವೆ. ಅವುಗಳ ಮಕ್ಕಳು ದುಷ್ಟರಾಗಿ ಬಿಟ್ಟವರಲ್ಲ. ಒಂದು ವರ್ಷ ತಪ್ಪಿತು, ಎರಡನೆಯ ವರ್ಷವೂ ತಪ್ಪಿತು, ಮೂರನೆಯ ವರ್ಷಕ್ಕೆ ಹೋಗಿ ನಿಲ್ಲುವುದಾದರೂ ಎಲ್ಲಿ ಎಂಬಂತಾಯಿತು.

ಹಿಂದಿರುಗುವಾಗ ಡಿಕ್ಕಿಯಲ್ಲಿ ಕುಚ್ಚಲಕ್ಕಿ, ಗಾಣದ ತೆಂಗಿನೆಣ್ಣೆ, ಸುಲಿದ ಕಾಯಿಗಳು, ಹಪ್ಪಳದ ಕಟ್ಟುಗಳು ತುಂಬಿ, ಕಾರಿನ ಹಿಂಭಾಗ ರಸ್ತೆಗೆ ತಗ್ಗಿಕೊಂಡಿರುತ್ತದೆ. ಮಳೆಗೆ ಮುಂಚೆ ಡೊಂಬಿವಲಿ ಸೇರಬೇಕಾದುದರಿಂದ ಎಲ್ಲರಿಗೂ ಅವಸರ; ಅನಾಹುತಗಳಾಗುವುದೂ ಹೆಚ್ಚಾಗಿ ಈ ಅವಸರದಲ್ಲಿಯೇ. ಆದುದರಿಂದ ಈ ಬೇಸಗೆಯಲ್ಲಿ ಹೊರಡತಕ್ಕ ಬಂಧುಗಳಲ್ಲಿ, ವಿಶೇಷತಃ ಹೋಟೆಲು ವ್ಯವಹಾರದಲ್ಲಿರುವ ಸೋದರರಲ್ಲಿ, ನನ್ನ ವಿನಂತಿ ಇಷ್ಟೆ: ರಾತ್ರಿ ಹನ್ನೆರಡಕ್ಕೆ ಗಲ್ಲಾ ಮುಚ್ಚಿ, ನಿದ್ರೆಗೆಟ್ಟ ಕಣ್ಣುಗಳಿಂದಲೇ ಸ್ಟಿಯರಿಂಗು ಹಿಡಿಯಬೇಡಿ. ಒಂದು ದಿನ ತಡವಾದರೂ ಚಿಂತೆಯಿಲ್ಲ, ಹಗಲಿನಲ್ಲಿ ಹೊರಡಿ; ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ರಾತ್ರಿ ತಂಗಿ; ಮಕ್ಕಳ ಕೈಯಿಂದ ಮೊಬೈಲನ್ನು ತೆಗೆದಿರಿಸಿ, ಕೊಗನೋಳಿ ದಾಟಿದ ಮೇಲೆ ಸಿಕ್ಕ ಫಲಕಗಳನ್ನೆಲ್ಲ ಅವರಿಂದಲೇ ಗಟ್ಟಿಯಾಗಿ ಓದಿಸಿ.